ಕಾಣದ ಹೊಲಿಗೆ: ಕೈಯಿಂದ ಮಾಡಿದ ಬೂಟು, ಯಂತ್ರದಿಂದ ಮಾಡಿದ ಬೂಟು

ನಿಮ್ಮ ಶಾಲೆಯ ಕಪ್ಪು ಬೂಟನ್ನು ಒಮ್ಮೆ ಕೈಗೆತ್ತಿಕೊಂಡು ಅದರ ಅಂಚನ್ನು ನೋಡಿ. ಅಟ್ಟೆಯ ಸುತ್ತ ಸಾಲಾಗಿ ಹೊಲಿಗೆ ಕಾಣಿಸಬಹುದು. ಬೆರಳಿನಿಂದ ಸವರಿ ನೋಡಿದರೆ ಎಷ್ಟೋ ಸಲ ಅದು ದಾರವೇ ಅಲ್ಲ, ಹೊಲಿಗೆಯಂತೆ ಕಾಣಲೆಂದು ಅಟ್ಟೆಯಲ್ಲೇ ಮೂಡಿಸಿದ ಗೆರೆ! ಇಂತಹ ಬೂಟಿನ ಅಟ್ಟೆಯನ್ನು ಅಂಟಿನಿಂದ ಕೂಡಿಸಿರುತ್ತಾರೆ, ಇಲ್ಲವೇ ಅಚ್ಚಿನಲ್ಲಿ ನೇರವಾಗಿ ಎರಕ ಹೊಯ್ದಿರುತ್ತಾರೆ. ಅಟ್ಟೆ ಸವೆದರೆ ಬೂಟಿನ ಆಯುಷ್ಯವೂ ಮುಗಿದಂತೆಯೇ.

ಅಟ್ಟೆಯನ್ನು ಮತ್ತೆ ಮತ್ತೆ ಬದಲಿಸಿ ಹಲವು ವರ್ಷ ಧರಿಸಬಹುದಾದ ಬೂಟುಗಳೂ ಇವೆ. ಇಂಗ್ಲೆಂಡಿನ ನಾರ್ಥಾಂಪ್ಟನ್ ಪಟ್ಟಣ ಇಂಥವುಗಳಿಗೆ ಹೆಸರುವಾಸಿ. ಅಲ್ಲಿಯ ಫುಟ್‌ಬಾಲ್ ತಂಡದ ಅಡ್ಡಹೆಸರೇ 'ಕಾಬ್ಲರ್ಸ್', ಅಂದರೆ ಜೋಡು ಹೊಲಿಯುವವರು! ಈ ಉತ್ತಮ ಬೂಟುಗಳಲ್ಲಿ ಎರಡು ಬಗೆ: ಅಟ್ಟೆಯನ್ನು ಕೈಯಿಂದ ಹೊಲಿದವು, ಯಂತ್ರದಿಂದ ಹೊಲಿದವು. ಅಂಗಡಿಯ ಗಾಜಿನ ಹಿಂದೆ ಎರಡೂ ಒಂದೇ ರೀತಿ ಕಾಣುತ್ತವೆ. ಬೆಲೆಯಲ್ಲಿ ಮಾತ್ರ ಬಹಳ ಅಂತರ. ಈ ಅಂತರಕ್ಕೆ ಮುಖ್ಯ ಕಾರಣ ಬೂಟಿನೊಳಗೆ ಅಡಗಿರುವ ಒಂದು ಹೊಲಿಗೆ.

ಅದನ್ನು ತಿಳಿಯಲು ಬೂಟಿನ ನಾಲ್ಕು ಭಾಗಗಳ ಪರಿಚಯ ಬೇಕು. ಪಾದವನ್ನು ಮುಚ್ಚುವುದು ಮೇಲ್ಚರ್ಮ. ಪಾದ ಊರುವುದು ಒಳಅಟ್ಟೆಯ ಮೇಲೆ. ನೆಲಕ್ಕೆ ತಾಗುವುದು ಹೊರಅಟ್ಟೆ. ಇವುಗಳ ನಡುವೆ ಅಂಚಿನ ಸುತ್ತ ಬರುವ ಕಿರಿದಾದ ಚರ್ಮದ ಪಟ್ಟಿಯೇ 'ವೆಲ್ಟ್'.

ಕೈಕೆಲಸದಲ್ಲಿ ಒಳಅಟ್ಟೆ ದಪ್ಪನೆಯ ಚರ್ಮದ್ದು. ಕುಶಲಕರ್ಮಿ ಅದರ ಅಡಿಭಾಗದಲ್ಲಿ, ಅಂಚಿನಿಂದ ತುಸು ಒಳಗೆ, ಚಾಕುವಿನಿಂದ ಕೊರೆದು ಒಂದು ಸಣ್ಣ ದಿಂಡನ್ನು ಉಳಿಸುತ್ತಾನೆ. ಅನಂತರ ಪಾದದ ಆಕಾರದ ಅಚ್ಚಿನ ಮೇಲೆ ಮೇಲ್ಚರ್ಮವನ್ನು ಇಕ್ಕಳದಿಂದ ಎಳೆದು ಬಿಗಿದು ಬಿಡುತ್ತಾನೆ. ಒದ್ದೆಯಾದ ಚರ್ಮದ ನಾರುಗಳು ಸುಲಭವಾಗಿ ಜರುಗುತ್ತವೆ. ಒಣಗಿದಾಗ ಹೊಸ ಸ್ಥಾನದಲ್ಲೇ ನೆಲೆಯಾಗುತ್ತವೆ. ಚರ್ಮಕ್ಕೆ ಪಾದದ ಆಕಾರ ಬರುವುದು ಹೀಗೆ. ಬಳಿಕ ದಿಂಡು, ಮೇಲ್ಚರ್ಮ, ವೆಲ್ಟ್ ಮೂರನ್ನೂ ಚುಚ್ಚಿ, ಮೇಣ ಮತ್ತು ರಾಳ ತೀಡಿದ ಗಟ್ಟಿ ದಾರದಿಂದ ಹೊಲಿಯುತ್ತಾನೆ. ಒಂದೇ ದಾರದ ಎರಡೂ ತುದಿಗಳು ಎದುರುಬದುರಾಗಿ ಪ್ರತಿಯೊಂದು ರಂಧ್ರವನ್ನೂ ದಾಟುತ್ತವೆ. ಒಂದು ಕಡೆ ದಾರ ಹರಿದರೂ ಉಳಿದ ಹೊಲಿಗೆ ಸುಲಭವಾಗಿ ಬಿಚ್ಚಿಕೊಳ್ಳುವುದಿಲ್ಲ. ಕೊನೆಗೆ ಹೊರಅಟ್ಟೆಯನ್ನು ವೆಲ್ಟ್‌ಗೆ ಮಾತ್ರ ಹೊಲಿಯಲಾಗುತ್ತದೆ. ಅಟ್ಟೆ ಬದಲಿಸುವಾಗ ಈ ಹೊರಗಿನ ಹೊಲಿಗೆಯನ್ನಷ್ಟೇ ಬಿಚ್ಚಿದರೆ ಸಾಕು.

ಇಷ್ಟೆಲ್ಲಾ ಕೆಲಸಕ್ಕೆ ದಿನಗಟ್ಟಲೆ ಸಮಯ ಬೇಕು. ಯಂತ್ರಗಳು ಬಂದದ್ದು ಈ ಕಾರಣಕ್ಕೇ. ಅಮೆರಿಕದ ಲೈಮನ್ ಬ್ಲೇಕ್ 1858ರಲ್ಲಿ ಪೇಟೆಂಟ್ ಪಡೆದ ಯಂತ್ರ ಹೊರಅಟ್ಟೆ, ಮೇಲ್ಚರ್ಮ, ಒಳಅಟ್ಟೆಗಳನ್ನು ನೇರವಾಗಿ ಒಂದೇ ಹೊಲಿಗೆಯಲ್ಲಿ ಕೂಡಿಸಿತು. ಬೂಟು ಹಗುರವಾಯಿತು, ಆದರೆ ಹೊಲಿಗೆಯ ರಂಧ್ರಗಳ ಮೂಲಕ ತೇವ ಒಳಕ್ಕೆ ಇಳಿಯಲು ದಾರಿಯಾಯಿತು. 1870ರ ಆಸುಪಾಸಿನಲ್ಲಿ ವೆಲ್ಟ್ ಹೊಲಿಯುವ ಯಂತ್ರವನ್ನು ಬಳಕೆಗೆ ತಂದವರು ಚಾರ್ಲ್ಸ್ ಗುಡ್‌ಇಯರ್ ಜೂನಿಯರ್. ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಗೊಳಿಸಿದ ಗುಡ್‌ಇಯರ್ ಅವರ ಮಗ ಇವರು.

ಆದರೂ ಮೇಲ್ಚರ್ಮವನ್ನು ಅಚ್ಚಿಗೆ ಎಳೆದು ಕೂರಿಸುವ ಕೆಲಸ ಕೈಯಲ್ಲೇ ಉಳಿದಿತ್ತು. ನುರಿತ ಕೆಲಸಗಾರನೊಬ್ಬ ದಿನಕ್ಕೆ ಸುಮಾರು 50 ಜೊತೆ ಮಾಡಬಲ್ಲವನಾಗಿದ್ದ. ದಕ್ಷಿಣ ಅಮೆರಿಕದ ಸುರಿನಾಮಿನಿಂದ ವಲಸೆ ಬಂದು ಲಿನ್ ಪಟ್ಟಣದ ಬೂಟಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಯಾನ್ ಮಾಟ್ಸೆಲಿಗರ್ ಎಂಬ ಕಪ್ಪು ಯುವಕ ಈ ಕೆಲಸಕ್ಕೂ ಯಂತ್ರ ರೂಪಿಸಿ 1883ರಲ್ಲಿ ಪೇಟೆಂಟ್ ಪಡೆದ. ಸುಧಾರಿಸಿದ ಯಂತ್ರ ದಿನಕ್ಕೆ 700 ಜೊತೆಗಳವರೆಗೆ ಮಾಡಬಲ್ಲುದಾಯಿತು. ಬೂಟಿನ ಬೆಲೆ ಇಳಿಯಿತು. ಸಾಮಾನ್ಯರ ಕಾಲಿಗೂ ಒಳ್ಳೆಯ ಬೂಟು ಬಂತು. ಆದರೆ ಕೈಕೆಲಸದವರ ಹಿಡಿತ ಸಡಿಲವಾಯಿತು. ಮಾಟ್ಸೆಲಿಗರ್ ಸ್ವತಃ 1889ರಲ್ಲಿ, 40 ತುಂಬುವ ಮೊದಲೇ, ಕ್ಷಯರೋಗದಿಂದ ತೀರಿಕೊಂಡ.

ಈಗ ಆ ಅಡಗಿದ ಹೊಲಿಗೆಗೆ ಮರಳೋಣ. ಇಂದು ಗುಡ್‌ಇಯರ್ ವಿಧಾನದ ಹೆಚ್ಚಿನ ಬೂಟುಗಳಲ್ಲಿ ಒಳಅಟ್ಟೆಯ ದಿಂಡನ್ನು ಚರ್ಮದಲ್ಲೇ ಕೊರೆದಿರುವುದಿಲ್ಲ. ಬದಲಿಗೆ ಬಟ್ಟೆಯ ಪಟ್ಟಿಯೊಂದನ್ನು ಒಳಅಟ್ಟೆಗೆ ಅಂಟಿಸಿ, ಅದಕ್ಕೆ ಯಂತ್ರ ಹೊಲಿಗೆ ಹಾಕುತ್ತದೆ. ಕೈಯಲ್ಲಿ ಗಂಟೆಗಟ್ಟಲೆ ಹಿಡಿಯುವ ಈ ಕೆಲಸ ಯಂತ್ರದಲ್ಲಿ ನಿಮಿಷದೊಳಗೆ ಮುಗಿಯುತ್ತದೆ. ಆದರೆ ಕೈಯ ಬೂಟಿನಲ್ಲಿ ದಾರ ಹಿಡಿದಿರುವುದು ಚರ್ಮವನ್ನು. ಯಂತ್ರದ ಬೂಟಿನಲ್ಲಿ ಅಂಟಿಸಿದ ಪಟ್ಟಿಯನ್ನು. ದಾರ ಎಷ್ಟೇ ಗಟ್ಟಿಯಿದ್ದರೂ ಬೆವರು, ತೇವಗಳಿಂದ ಅಂಟು ಸೋತರೆ ಪಟ್ಟಿ ಸಡಿಲವಾಗುತ್ತದೆ.

ಹಾಗಾದರೆ ಕೈಯ ಬೂಟೇ ಯಾವಾಗಲೂ ಮೇಲೇ? ಹಾಗೆಂದು ತೀರ್ಮಾನಿಸಬೇಡಿ. ಒಳ್ಳೆಯ ಚರ್ಮ ಬಳಸಿ ಎಚ್ಚರದಿಂದ ಮಾಡಿದ ಯಂತ್ರದ ಬೂಟು ಹಲವು ಸಲ ಅಟ್ಟೆ ಬದಲಿಸಿಕೊಂಡು ವರ್ಷಗಟ್ಟಲೆ ಬಾಳುತ್ತದೆ. ಅಳತೆ ತಪ್ಪಿದ ಕೈಹೊಲಿಗೆಗಿಂತ ಯಂತ್ರದ ಸಮನಾದ ಹೊಲಿಗೆ ಎಷ್ಟೋ ವಾಸಿ. ಅಷ್ಟೇ ಅಲ್ಲ, 'ಕೈಯಿಂದ ಮಾಡಿದ್ದು' ಎನ್ನುವ ಬೂಟಿನ ಮೇಲ್ಚರ್ಮವನ್ನು ಸಾಮಾನ್ಯವಾಗಿ ಹೊಲಿಯುವುದು ಹೊಲಿಗೆ ಯಂತ್ರವೇ! 'ಕಾರ್ಖಾನೆಯದು' ಎನ್ನುವ ಉತ್ತಮ ಬೂಟಿನ ಚರ್ಮವನ್ನು ಎಷ್ಟೋ ಕಡೆ ಇಂದಿಗೂ ಮನುಷ್ಯನೇ ಚಾಕುವಿನಿಂದ ಕತ್ತರಿಸುತ್ತಾನೆ.

ಆದ್ದರಿಂದ ವಸ್ತುವೊಂದರ ಮೇಲೆ 'ಕೈಯಿಂದ ತಯಾರಿಸಿದ್ದು' ಎಂಬ ಚೀಟಿ ಕಂಡರೆ ಅಲ್ಲಿಗೇ ನಿಲ್ಲಬೇಡಿ. ಯಾವ ಕೆಲಸ ಕೈಯದು, ಯಾವುದು ಯಂತ್ರದ್ದು, ಭಾರ ಹೊರುವ ಜಾಗದಲ್ಲಿ ಇರುವುದು ದಾರವೋ ಅಂಟೋ ಎಂದು ಕೇಳಿ. ನಿಮ್ಮ ಬೀದಿಯ ಮೂಲೆಯಲ್ಲಿ ಬೂಟು ರಿಪೇರಿ ಮಾಡುವವರ ಬಳಿ ಅಟ್ಟೆ ಕಿತ್ತ ಬೂಟು ಇದ್ದೀತು. ಬಿಡುವಿದ್ದಾಗ ಹೋಗಿ, ಅದರ ಒಳಭಾಗವನ್ನು ತೋರಿಸಲು ಕೇಳಿಕೊಳ್ಳಿ. ಈ ಲೇಖನಕ್ಕಿಂತ ಹೆಚ್ಚಿನ ಪಾಠ ಅಲ್ಲಿ ಸಿಗುತ್ತದೆ.