ಲಾರಿ ಅಪಘಾತದ ಗಾಯಾಳುಗಳಿಗೆ ಕಾನೂನು ನೆರವು

ಮನೆಗೆ ದುಡಿಯುವವರು ಲಾರಿ ಅಪಘಾತದಲ್ಲಿ ಗಾಯಗೊಂಡು ಹಾಸಿಗೆ ಹಿಡಿದರೆ ಮಕ್ಕಳ ಓದು ನಿಲ್ಲುವ ಸ್ಥಿತಿ ಬರುತ್ತದೆ. ನಮ್ಮ ವಿದ್ಯಾರ್ಥಿವೇತನ ಶುಲ್ಕಕ್ಕೆ ಆದೀತು, ಸಂಸಾರಕ್ಕೆ ಸಾಲದು. ಆದ್ದರಿಂದ ಅಲ್ಪ ಹಣ ಪಡೆದು ರಾಜಿ ಪತ್ರಕ್ಕೆ ಸಹಿ ಹಾಕಬೇಡಿರೆಂದು ಕೋರುತ್ತೇವೆ.

ಪೊಲೀಸರಿಗೆ ದೂರು ಕೊಟ್ಟು ಎಫ್‌ಐಆರ್ ಪ್ರತಿ ಪಡೆಯಿರಿ. ಲಾರಿಯ ನಂಬರು, ಗಾಯದ ಪ್ರಮಾಣಪತ್ರ, ಆಸ್ಪತ್ರೆ ಬಿಲ್ಲು, ಆದಾಯದ ದಾಖಲೆ ಜೋಪಾನವಾಗಿಡಿ. 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ, ತಾವು ವಾಸಿಸುವ ಊರಿನ ವ್ಯಾಪ್ತಿಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೇ ಅರ್ಜಿ ಸಲ್ಲಿಸಬಹುದು. ಆರು ತಿಂಗಳು ಮೀರದಿರಲಿ. ಚಿಕಿತ್ಸೆಯ ವೆಚ್ಚದ ಜೊತೆಗೆ ಕಳೆದುಹೋದ ದುಡಿಮೆಗೂ ಶಾಶ್ವತ ಅಂಗವೈಕಲ್ಯಕ್ಕೂ ಪರಿಹಾರ ಕೇಳಬಹುದು.

ಮಹಿಳೆಯರು, ಮಕ್ಕಳು, ಅಂಗವಿಕಲರು, ಕಡಿಮೆ ಆದಾಯದವರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಒದಗಿಸುತ್ತದೆ. ಸಹಾಯವಾಣಿ: 15100. ಪ್ರಕರಣ ನಡೆಯುತ್ತಿರುವಾಗಲೂ ಅಂಥ ಮನೆಯ ಮಕ್ಕಳು ನಮ್ಮ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು.