ನಡುಕದ ರೋಗಿಯ ನಿದ್ದೆಗೆ ಪಕ್ಕದ ಚಾಪೆಯವನೇ ಸಾಕ್ಷಿ

ಚಿಂತೆಯಿಲ್ಲದವನಿಗೆ ಸಂತೆಯಲ್ಲಿಯೂ ನಿದ್ದೆ ಎಂಬುದು ನಮ್ಮ ಹಿರಿಯರ ಮಾತು. ಆದರೆ ಚಿಂತೆಯಿಲ್ಲದವನ ನಿದ್ದೆಯನ್ನೂ ಕಸಿದುಕೊಳ್ಳುವ ರೋಗಗಳು ಕೆಲವುಂಟು. ಅವುಗಳಲ್ಲೊಂದರ ವಿಷಯವನ್ನು, ನನ್ನ ಹೋಟೆಲಿನಲ್ಲಿಯೇ ನಡೆದ ಸಂಗತಿಯೊಡನೆ, ಇಂದು ವಾಚಕರ ಮುಂದಿಡುತ್ತಿದ್ದೇನೆ. ಇದರಲ್ಲಿ ನನ್ನ ತಪ್ಪೂ ಸೇರಿದೆ. ಅದನ್ನು ಮುಚ್ಚಿಟ್ಟು ಬರೆದರೆ ಪ್ರಯೋಜನವಿಲ್ಲ.

ಪತ್ರಿಕೆಯ ಕೆಲಸಕ್ಕೆ ಬರುವ ಮೊದಲು ನಾನು ಕೊಯಾಲಿಯಲ್ಲಿ ಹೋಟೆಲು ನಡೆಸುತ್ತಿದ್ದೆ. 1965ರಲ್ಲಿ ಕೆಲಸ ಆರಂಭಿಸಿದ ಅಲ್ಲಿಯ ತೈಲ ಶುದ್ಧೀಕರಣ ಕಾರ್ಖಾನೆಯಿಂದ ರಾತ್ರಿಪಾಳಿ ಮುಗಿಸಿ ಬರುವವರಿಗೆ ಬೆಳಗಾಗುತ್ತಲೇ ಇಡ್ಲಿ ಸಿದ್ಧವಿರಬೇಕು. ಆದುದರಿಂದ ನಾಲ್ಕು ಗಂಟೆಗೇ ಒಲೆ ಹೊತ್ತಬೇಕು. ಆ ಒಲೆಯನ್ನು ಹನ್ನೆರಡು ವರ್ಷ ನೋಡಿಕೊಂಡವರು ಕುಂದಾಪುರದ ಕಡೆಯ ಒಬ್ಬ ಭಟ್ಟರು. ಅವರೂ ಮಾಣಿಗಳೂ ಅಟ್ಟದ ಮೇಲೆ ಸಾಲಾಗಿ ಚಾಪೆ ಹಾಸಿ ಮಲಗುತ್ತಿದ್ದರು.

ಭಟ್ಟರು ನಿದ್ದೆಯಲ್ಲಿ ಕೂಗಿ ಕೈಕಾಲು ಬೀಸುತ್ತಾರೆ, ಒಮ್ಮೆ ಪಕ್ಕದ ಹುಡುಗನ ಮುಖಕ್ಕೇ ಏಟು ಬಿತ್ತು ಎಂಬ ಸುದ್ದಿ ನನ್ನ ಕಿವಿಗೂ ಬಿದ್ದಿತ್ತು. 'ಭಟ್ಟರಿಗೆ ಭೂತ ಮೆಟ್ಟಿದೆ' ಎಂದು ಹುಡುಗರು ನಕ್ಕರು, ನಾನೂ ನಕ್ಕೆ. ಕೆಲವು ವರ್ಷಗಳ ಮೇಲೆ ಅವರ ಬಲಗೈ ಸಣ್ಣಗೆ ನಡುಗತೊಡಗಿತು, ನಡಿಗೆ ನಿಧಾನವಾಯಿತು. ಆಮೇಲೆ ಹಗಲು ಹೊತ್ತಿನಲ್ಲಿಯೂ ಒಲೆಯ ಮುಂದೆ ತೂಕಡಿಸಲಾರಂಭಿಸಿದರು. ಪಾನನಿಷೇಧವಿರುವ ಈ ರಾಜ್ಯದಲ್ಲಿ ಕದ್ದು ಕುಡಿಯುತ್ತಿರಬೇಕೆಂದು ಸಂಶಯಪಟ್ಟು, ಗಿರಾಕಿಗಳ ಎದುರಿನಲ್ಲಿಯೇ ನಾನು ಅವರನ್ನು ಗದರಿಸಿದೆ. ಜನ್ಮದಲ್ಲಿ ಮದ್ಯ ಮುಟ್ಟದ ಆ ಮನುಷ್ಯ ತಲೆ ತಗ್ಗಿಸಿಕೊಂಡು ಒಳಗೆ ಹೋದರು. ಆ ನೋಟ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಕೊನೆಗೆ ವೈದ್ಯರಲ್ಲಿಗೆ ಕರೆದೊಯ್ದಾಗ ಪಾರ್ಕಿನ್ಸನ್ ರೋಗವೆಂದು ತಿಳಿಯಿತು. 'ನಿದ್ದೆ ಹೇಗೆ?' ಎಂದು ವೈದ್ಯರು ಕೇಳಿದರು. ಭಟ್ಟರು ನನ್ನ ಮುಖ ನೋಡಿ 'ಚೆನ್ನಾಗಿದೆ' ಎಂದರು. ಇಲ್ಲವೆಂದರೆ ಕೆಲಸ ಹೋದೀತೆಂಬ ಅಂಜಿಕೆ! ವೈದ್ಯರು ನನ್ನತ್ತ ತಿರುಗಿ, 'ಇವರ ಪಕ್ಕದಲ್ಲಿ ಮಲಗುವವರು ಯಾರು?' ಎಂದರು. ಯಜಮಾನನಾದ ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ಸಲ ಏಟು ತಿಂದ ಆ ಮಾಣಿಯನ್ನೇ ಕರೆದುಕೊಂಡು ಹೋದೆ. ಅವನು ತನ್ನ ಹರಕುಮುರುಕು ಹಿಂದಿಯಲ್ಲಿ ಹತ್ತು ನಿಮಿಷ ಹೇಳಿದುದರಿಂದ ವೈದ್ಯರಿಗೆ ತಿಳಿದಷ್ಟು, ನಮ್ಮಿಬ್ಬರಿಂದ ಒಂದು ಗಂಟೆಯಲ್ಲಿಯೂ ತಿಳಿದಿರಲಿಲ್ಲ.

ರೋಗದ ಸ್ವರೂಪ

ಈ ರೋಗವನ್ನು 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಆರು ಜನ ರೋಗಿಗಳ ಆಧಾರದಿಂದ ವರ್ಣಿಸಿದನು. ನಮ್ಮ ಆಯುರ್ವೇದದ ಕಂಪವಾತಕ್ಕೆ ಇದು ಬಹುಮಟ್ಟಿಗೆ ಹೋಲುತ್ತದೆ. ಮೆದುಳಿನಲ್ಲಿ ಡೋಪಮಿನ್ ಎಂಬ ದ್ರವ್ಯವನ್ನು ಉಂಟುಮಾಡುವ ಜೀವಕೋಶಗಳು ಕ್ರಮೇಣ ನಶಿಸುವುದರಿಂದ ನಡುಕ, ಬಿಗಿತ, ನಿಧಾನ ಇವು ತಲೆದೋರುತ್ತವೆ. ರೋಗ ಬಲಿತಾಗ ನಿದ್ದೆ ಕೆಡುತ್ತದೆಂದೂ, ನಿದ್ದೆಯಲ್ಲಿಯೇ ನಡುಕ ಹೆಚ್ಚಿ ರೋಗಿಯನ್ನು ಎಬ್ಬಿಸುತ್ತದೆಂದೂ ಪಾರ್ಕಿನ್ಸನನು ಅಂದೇ ಬರೆದಿದ್ದನು. ಆದರೂ ಬಹುಕಾಲ ವೈದ್ಯರ ಗಮನವೆಲ್ಲ ಕೈಯ ನಡುಕದ ಮೇಲೆಯೇ ಇದ್ದಿತು.

ನಿದ್ದೆ ಕೆಡುವುದಕ್ಕೆ ಕಾರಣ ಒಂದೇ ಅಲ್ಲ. ರಾತ್ರಿ ಗುಳಿಗೆಯ ಪ್ರಭಾವ ಇಳಿದು ಮೈ ಮರಗಟ್ಟಿ, ಮಗ್ಗುಲು ಬದಲಿಸಲಾಗದೆ ಎಚ್ಚರವಾಗುವುದು ಒಂದು. ಮೂತ್ರಕ್ಕಾಗಿ ಪದೇ ಪದೇ ಏಳುವುದು ಇನ್ನೊಂದು. ಕಾಲುಗಳಲ್ಲಿ ತಡೆಯಲಾರದ ಚಡಪಡಿಕೆ, ಉಸಿರು ಕಟ್ಟುವ ಗೊರಕೆ, ಮನಸ್ಸಿನ ಖಿನ್ನತೆ ಇವೂ ಉಂಟು. ಕೆಲವು ಔಷಧಗಳಿಂದಲೇ ಹಗಲಿನಲ್ಲಿ ಹಠಾತ್ತಾಗಿ ನಿದ್ದೆ ಕವಿಯಬಹುದು.

ಭಟ್ಟರ ಕೂಗಾಟದ ಕಾರಣವೇ ಬೇರೆ. ಕನಸು ಕಾಣುವ ನಿದ್ದೆಯಲ್ಲಿ ನಮ್ಮ ಸ್ನಾಯುಗಳು ಸಡಿಲವಾಗಿರುವುದರಿಂದ ನಾವು ಕನಸಿನಲ್ಲಿ ಓಡಿದರೂ ಹಾಸಿಗೆಯಲ್ಲಿ ಕದಲುವುದಿಲ್ಲ. ಈ ಕಟ್ಟು ತಪ್ಪಿದವರು ಕನಸಿನ ಹೊಡೆದಾಟವನ್ನು ಹಾಸಿಗೆಯಲ್ಲಿಯೇ ನಡೆಸುತ್ತಾರೆ. ಅಮೆರಿಕದ ಮಿನ್ನೆಸೋಟದಲ್ಲಿ ಶೆಂಕ್, ಮಹೋವಾಲ್ಡ್ ಮೊದಲಾದ ವೈದ್ಯರು 1986ರಲ್ಲಿ ಇದನ್ನು ವಿವರಿಸಿದರು. ಇಂತಹ 29 ಮಂದಿ ಹಿರಿಯ ಗಂಡಸರನ್ನು ಅವರು ಗಮನಿಸುತ್ತ ಬಂದಾಗ, 11 ಮಂದಿಯಲ್ಲಿ ಪಾರ್ಕಿನ್ಸನ್ ತರಹದ ರೋಗ ಮುಂದೆ ಕಾಣಿಸಿಕೊಂಡಿತೆಂದು 1996ರಲ್ಲಿ ಪ್ರಕಟಿಸಿದರು. ಅಂದರೆ ಅಟ್ಟದ ಮೇಲಿನ ಆ ಕೂಗು ಕೈ ನಡುಗುವುದಕ್ಕೆ ವರ್ಷಗಳ ಮೊದಲೇ ಬಂದ ಮುನ್ಸೂಚನೆಯಾಗಿತ್ತು. ನಾವು ನಕ್ಕು ಬಿಟ್ಟೆವು. ಹಾಗೆಂದು ನಿದ್ದೆಯಲ್ಲಿ ಮಾತಾಡುವವರೆಲ್ಲರಿಗೂ, ಕೈ ನಡುಗುವವರೆಲ್ಲರಿಗೂ ಈ ರೋಗವೆಂದು ಯಾರೂ ಗಾಬರಿಪಡಬೇಕಾಗಿಲ್ಲ, ನಿರ್ಣಯಿಸಬೇಕಾದವರು ವೈದ್ಯರು.

ನಿದ್ದೆಯನ್ನು ಅಳೆಯುವ ಬಗೆ

ಜ್ವರಕ್ಕೆ ಥರ್ಮಾಮೀಟರು ಇರುವಂತೆ ನಿದ್ದೆಗೂ ಅಳತೆಗೋಲುಗಳಿವೆ. ಲಂಡನ್ನಿನ ಡಾಕ್ಟರ್ ರೇ ಚೌಧುರಿ ಮತ್ತು ಸಂಗಡಿಗರು 2002ರಲ್ಲಿ ಪಾರ್ಕಿನ್ಸನ್ ರೋಗಿಗಳಿಗೆಂದೇ 15 ಪ್ರಶ್ನೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದರು. 2011ರಲ್ಲಿ ಅದರ ಪರಿಷ್ಕೃತ ರೂಪ ಬಂದಿತು. ಕಳೆದ ಒಂದು ವಾರದಲ್ಲಿ ನಿದ್ದೆ ಹತ್ತಲು ಕಷ್ಟವಾಯಿತೇ, ಎಷ್ಟು ಸಲ ಮೂತ್ರಕ್ಕೆ ಎದ್ದಿರಿ, ಮಗ್ಗುಲಾಗಲು ಆಯಿತೇ, ಕೆಟ್ಟ ಕನಸು ಬಿತ್ತೇ, ಬೆಳಗ್ಗೆ ಆಯಾಸವಿತ್ತೇ ಎಂಬಿತ್ಯಾದಿ ಪ್ರಶ್ನೆಗಳಿಗೆ 0ಯಿಂದ 4ರವರೆಗೆ ಅಂಕ ಕೊಡಬೇಕು. ಒಟ್ಟು 60, ಅಂಕ ಏರಿದಷ್ಟೂ ನಿದ್ದೆ ಕೆಟ್ಟಿದೆ ಎಂದರ್ಥ.

ಹಗಲಿನ ತೂಕಡಿಕೆಗೆ ಆಸ್ಟ್ರೇಲಿಯದ ಮರೇ ಜಾನ್ಸ್ 1991ರಲ್ಲಿ ರೂಪಿಸಿದ ಎಪ್ವರ್ತ್ ಮಾಪನವಿದೆ. ಓದುವಾಗ, ಊಟದ ಮೇಲೆ ಸುಮ್ಮನೆ ಕುಳಿತಾಗ, ವಾಹನದಲ್ಲಿ ಹೋಗುವಾಗ, ಹೀಗೆ ಎಂಟು ಸಂದರ್ಭಗಳಲ್ಲಿ ತೂಕಡಿಕೆ ಬರುವ ಸಂಭವಕ್ಕೆ 0ಯಿಂದ 3ರವರೆಗೆ ಅಂಕ. ಒಟ್ಟು 24ರಲ್ಲಿ 10ನ್ನು ಮೀರಿದರೆ ವಿಚಾರಿಸಬೇಕಾದ ಸಂಗತಿ. ಆದರೆ ನಡುರಾತ್ರಿ ಮಲಗಿ ನಾಲ್ಕಕ್ಕೆ ಏಳುವ ನಮ್ಮ ಮಾಣಿಗಳ ತೂಕಡಿಕೆಗೆ ರೋಗವೇ ಬೇಕೆಂದಿಲ್ಲ. ಅವರಿಗೆ ಬೇಕಾದುದು ಎರಡು ಗಂಟೆಯ ಹೆಚ್ಚಿನ ನಿದ್ದೆ. ಅದನ್ನು ಕೊಡಬೇಕಾದವರು ಯಜಮಾನರು.

ಇವುಗಳಿಂದ ತೀರ್ಮಾನವಾಗದಿದ್ದರೆ ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿಸಿ, ತಲೆ, ಕಣ್ಣು, ಗದ್ದ, ಕಾಲುಗಳಿಗೆ ತಂತಿ ಅಂಟಿಸಿ, ಮೆದುಳಿನ ಅಲೆ, ಸ್ನಾಯುವಿನ ಬಿಗಿತ, ಉಸಿರಾಟಗಳನ್ನು ಯಂತ್ರದಲ್ಲಿ ದಾಖಲಿಸುತ್ತಾರೆ. ಕನಸಿನ ಹೊಡೆದಾಟವನ್ನೂ ಉಸಿರು ಕಟ್ಟುವುದನ್ನೂ ಖಚಿತಪಡಿಸುವುದು ಈ ಪರೀಕ್ಷೆಯೇ. ನಮ್ಮ ನಾಡಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಈ ಸೌಕರ್ಯವಿದೆ. ಇಲ್ಲಿಯವರು ಮೊದಲು ವಡೋದರಾದ ಸರ್ ಸಯಾಜಿರಾವ್ ಆಸ್ಪತ್ರೆ, ಅಹಮದಾಬಾದು ಮತ್ತು ಸೂರತ್ತಿನ ಸರಕಾರಿ ಸಿವಿಲ್ ಆಸ್ಪತ್ರೆಗಳಲ್ಲಿ ವಿಚಾರಿಸಬಹುದು.

ನಾವು ಮಾಡಬೇಕಾದುದು

ಊರಿನಲ್ಲಾದರೆ ಹೆಂಡತಿಯೋ ಮಗನೋ ನಿದ್ದೆಗೆ ಸಾಕ್ಷಿಯಾಗುತ್ತಾರೆ. ಸಂಸಾರವನ್ನು ಊರಿನಲ್ಲಿ ಬಿಟ್ಟು ಬಂದ ನಮಗೆ ಪಕ್ಕದ ಚಾಪೆಯವನೇ ಸಾಕ್ಷಿ. ಆದುದರಿಂದ ಎರಡು ರೂಪಾಯಿಯ ಬಾಕಿ ಬರೆಯುವ ನಾವು ಎರಡು ವಾರದ ನಿದ್ದೆಯ ಲೆಕ್ಕವನ್ನೂ ಬರೆಯೋಣ: ಮಲಗಿದ ಹೊತ್ತು, ಎಷ್ಟು ಸಲ ಎದ್ದರು ಮತ್ತು ಏಕೆ, ಕೂಗು, ಒದೆತ, ಗೊರಕೆ, ಎದ್ದ ಹೊತ್ತು, ಹಗಲಿನ ತೂಕಡಿಕೆ, ಗುಳಿಗೆ ಮತ್ತು ಕೊನೆಯ ಚಹಾದ ವೇಳೆ. ಗುಮಾಸ್ತ ಬಂಧುಗಳು ಇದನ್ನು ಹಿಂದಿಯಲ್ಲಿಯೋ ಗುಜರಾತಿಯಲ್ಲಿಯೋ ಬರೆದುಕೊಟ್ಟರೆ ದೊಡ್ಡ ಉಪಕಾರ. ರೋಗಿಯೊಡನೆ ಆ ಸಾಕ್ಷಿಯನ್ನೂ ವೈದ್ಯರಲ್ಲಿಗೆ ಕಳುಹಿಸಿ, ಆ ದಿನದ ಸಂಬಳ ಕಡಿಯಬಾರದು.

ಅಂತಹವರನ್ನು ಅಟ್ಟದ ಅಂಚಿನಲ್ಲಿ, ಏಣಿಯ ಬಳಿಯಲ್ಲಿ ಮಲಗಿಸಬಾರದು. ಕೆಳಗೆ ನೆಲದ ಮೇಲೆ ಚಾಪೆ ಹಾಸಿ, ಚೂಪಾದ ವಸ್ತುಗಳನ್ನು ದೂರವಿಡಬೇಕು. ತೂಕಡಿಸುವವರನ್ನು ಕಾದ ಎಣ್ಣೆಯ ಮುಂದೆ ನಿಲ್ಲಿಸಬಾರದು. ಅಂಗಡಿಯಿಂದ ನಿದ್ದೆ ಗುಳಿಗೆ ತಾವೇ ತಂದು ನುಂಗುವುದೂ, ನಡುಕದ ಔಷಧವನ್ನು ಏಕಾಏಕಿ ನಿಲ್ಲಿಸುವುದೂ ಅಪಾಯಕರ.

ಭಟ್ಟರ ರೋಗ ವಾಸಿಯಾಗಲಿಲ್ಲ. ಅದನ್ನು ವಾಸಿ ಮಾಡುವ ಔಷಧ ಇನ್ನೂ ಇಲ್ಲ. ಆದರೆ ವೈದ್ಯರು ಗುಳಿಗೆಯ ವೇಳೆ ಬದಲಿಸಿದ ಮೇಲೆ ರಾತ್ರಿ ಸುಮಾರಾಗಿ ನಿದ್ದೆ ಬಂದು, ಹಗಲಿನ ತೂಕಡಿಕೆ ಕಡಿಮೆಯಾಯಿತು. ಒಲೆಯ ಕೆಲಸ ಬಿಡಿಸಿ ಅವರನ್ನು ಗಲ್ಲಾದ ಪಕ್ಕದಲ್ಲಿ ಸಾಮಾನಿನ ಲೆಕ್ಕಕ್ಕೆ ಕೂರಿಸಿದೆ. ಊರಿಗೆ ಮರಳುವವರೆಗೆ ಮೂರು ವರ್ಷ ಸಂಬಳ ಪಡೆದೇ ದುಡಿದರು. ಗಿರಾಕಿಗಳ ಎದುರಿನಲ್ಲಿ ಗದರಿಸಿದವನು ಅವರೆದುರಿನಲ್ಲಿಯೇ ಕ್ಷಮೆ ಕೇಳಬೇಕಾಗಿತ್ತು. ನಾನು ಕೇಳಿದ್ದು ಅಡುಗೆಮನೆಯೊಳಗೆ, ಯಾರೂ ಇಲ್ಲದಾಗ. 'ಇರಲಿ ಬಿಡಿ, ನಿಮಗೂ ಗೊತ್ತಿರಲಿಲ್ಲವಲ್ಲ' ಎಂದರು. ಇದನ್ನೋದಿದ ಯಜಮಾನ ಬಂಧುಗಳು ಇನ್ನು ಮುಂದೆ ಗೊತ್ತಿರಲಿಲ್ಲವೆಂದು ಹೇಳುವಂತಿಲ್ಲ.