ಮಕ್ಕಳನ್ನು ಬಿಟ್ಟು ಹೊರಡುವ ಮುನ್ನ

ಕಾಫಿ ಕೊಯ್ಲು ಮುಗಿದು, ಕರಿಮೆಣಸು ಒಣಗಿ ಮೂಟೆ ಸೇರಿದ ಮೇಲೆ ನಮ್ಮ ನಾಪೋಕ್ಲು ಸುತ್ತಿನ ಮನೆಗಳಲ್ಲಿ ಸ್ವಲ್ಪ ಬಿಡುವು. ಆ ದಿನಗಳಲ್ಲಿ ಕ್ಲಿನಿಕ್ಕಿಗೆ ಬರುವ ದಂಪತಿಗಳಲ್ಲಿ ಕೆಲವರು ಔಷಧಿ ಬರೆಸಿಕೊಂಡ ಮೇಲೂ ಏಳುವುದಿಲ್ಲ. ಕೊನೆಗೆ ಹೆಂಡತಿ ಮೆಲ್ಲಗೆ ಕೇಳುತ್ತಾರೆ: "ಡಾಕ್ಟ್ರೇ, ಮಗುವನ್ನು ಅಜ್ಜಿ ಹತ್ತಿರ ಬಿಟ್ಟು ನಾವಿಬ್ಬರೇ ಎರಡು ದಿನ ಬಿಡದಿಯ ವಂಡರ್‌ಲಾಗೆ ಹೋಗಿ ಬರೋಣ ಅಂತಿದ್ದೇವೆ. ತಪ್ಪಾಗುತ್ತಾ?"

ತಪ್ಪೇನೂ ಇಲ್ಲ. ಬಿಡದಿಯ ಈ ಪಾರ್ಕ್ 2005ರಲ್ಲಿ ಆರಂಭವಾದದ್ದು. ಇಲ್ಲಾಗಲಿ, ಮೈಸೂರಿನ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕಿನಲ್ಲಾಗಲಿ ದೊಡ್ಡ ಆಟಗಳಿಗೆ ಎತ್ತರದ ಮಿತಿ ಇರುತ್ತದೆ. ಎರಡು ಮೂರು ವರ್ಷದ ಮಗುವನ್ನು ಕರೆದೊಯ್ದರೆ ಅದು ಬಿಸಿಲಲ್ಲಿ ಅಳುತ್ತದೆ, ಒಬ್ಬರು ಅದನ್ನು ಎತ್ತಿಕೊಂಡು ಕೆಳಗೆ ನಿಲ್ಲುತ್ತಾರೆ, ಇನ್ನೊಬ್ಬರು ಒಂಟಿಯಾಗಿ ಆಡುತ್ತಾರೆ. ವರ್ಷವಿಡೀ ತೋಟದ ಲೆಕ್ಕ, ಶಾಲೆಯ ಫೀಸು ಬಿಟ್ಟು ಬೇರೆ ಮಾತಾಡದ ಗಂಡ ಹೆಂಡತಿ ಎರಡು ದಿನ ಒಟ್ಟಿಗೆ ನಕ್ಕು ಬಂದರೆ ಅದರ ಲಾಭ ಮಕ್ಕಳಿಗೂ ಸಿಗುತ್ತದೆ.

ಆದರೆ ಒಂದು ಘಟನೆಯನ್ನು ನಾನು ಮರೆತಿಲ್ಲ. ಹೀಗೆ ಹೊರಟ ದಂಪತಿಯ ಎರಡೂವರೆ ವರ್ಷದ ಮಗು ಅಜ್ಜನ ಮಂಚದ ಪಕ್ಕದಲ್ಲಿದ್ದ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಪೆಪ್ಪರ್‌ಮಿಂಟ್ ಎಂದು ತಿಳಿದು ನುಂಗಿತ್ತು. ಅಜ್ಜಿ ನೋಡಿದ್ದರು, ಆದರೆ ಮಗು ಆಡಿಕೊಂಡಿದ್ದರಿಂದ "ಏನೂ ಆಗಿಲ್ಲ" ಎಂದುಕೊಂಡರು. ಮೂರು ಗಂಟೆಯ ನಂತರ ಮಗು ಬೆವತು, ಮಂಕಾಗಿ ತೂಕಡಿಸತೊಡಗಿದಾಗ ನನ್ನಲ್ಲಿಗೆ ಓಡಿ ಬಂದರು. ರಕ್ತನಾಳದ ಮೂಲಕ ಗ್ಲೂಕೋಸ್ ಕೊಟ್ಟು ಮಡಿಕೇರಿಗೆ ಕಳುಹಿಸಿದೆ. ಮಗು ಉಳಿಯಿತು. ತಂದೆಯ ಮೊಬೈಲ್ ಮಾತ್ರ ಸಂಜೆಯವರೆಗೆ ಪಾರ್ಕಿನ ಲಾಕರಿನಲ್ಲಿ ರಿಂಗಾಗುತ್ತಲೇ ಇತ್ತು.

ಆ ತಂದೆತಾಯಿ ಹೋದದ್ದು ತಪ್ಪಲ್ಲ. ಸಿದ್ಧತೆ ಇಲ್ಲದೆ ಹೋದದ್ದು ತಪ್ಪು.

ಮಗುವಿನ ವಯಸ್ಸೆಷ್ಟು?

ಸುಮಾರು ಎಂಟು ತಿಂಗಳಿಂದ ಮಗು ತಾಯಿಯನ್ನು ಬಿಟ್ಟಿರಲು ಹೆದರತೊಡಗುತ್ತದೆ. ಒಂದು ಒಂದೂವರೆ ವರ್ಷದ ಹೊತ್ತಿಗೆ ಈ ಹೆದರಿಕೆ ಹೆಚ್ಚು. ಮೂರು ವರ್ಷದ ಹೊತ್ತಿಗೆ ಬಹಳಷ್ಟು ಇಳಿಯುತ್ತದೆ. ಎದೆಹಾಲು ಕುಡಿಯುವ ಎಳೆಗೂಸಿದ್ದರೆ ಈ ಪ್ರವಾಸವನ್ನು ಮುಂದೂಡಿ. ಇಲ್ಲವಾದರೆ ಮಗುವಿಗೂ ಕಷ್ಟ, ಹಾಲು ಕಟ್ಟಿ ಎದೆನೋವು ಬಂದು ತಾಯಿಗೂ ಕಷ್ಟ.

ಬ್ರಿಟನ್ನಿನ ಜೇಮ್ಸ್ ರಾಬರ್ಟ್‌ಸನ್ ಎಂಬುವರು 1952ರಲ್ಲಿ ಒಂದು ಸಾಕ್ಷ್ಯಚಿತ್ರ ತೋರಿಸಿದರು. ಎರಡು ವರ್ಷ ದಾಟಿದ ಹೆಣ್ಣುಮಗುವೊಂದು ಎಂಟು ದಿನ ಆಸ್ಪತ್ರೆಯಲ್ಲಿ ತಾಯಿಯಿಲ್ಲದೆ ಹೇಗೆ ಕುಗ್ಗಿಹೋಯಿತು ಎಂಬುದು ಅದರಲ್ಲಿತ್ತು. ಮುಂದೆ ಅವರೂ ಅವರ ಪತ್ನಿ ಜಾಯ್ಸ್ ಅವರೂ, ತಾಯಿ ಹೆರಿಗೆಗೆ ಹೋದ ಪುಟ್ಟ ಮಕ್ಕಳನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ನೋಡಿದರು. ಆ ಮಕ್ಕಳನ್ನು ಮೊದಲೇ ಪರಿಚಯ ಮಾಡಿಕೊಂಡಿದ್ದರು. ಮಕ್ಕಳ ಊಟ ನಿದ್ರೆಯ ಅಭ್ಯಾಸಗಳನ್ನು ಕೇಳಿ ತಿಳಿದಿದ್ದರು. ಆ ಮಕ್ಕಳು ತಾಯಿಯನ್ನು ನೆನೆದರೂ ಕುಗ್ಗಲಿಲ್ಲ. ಅದೇ ಕಾಲದಲ್ಲಿ ಶಿಶುವಿಹಾರವೊಂದರಲ್ಲಿ ಒಂಬತ್ತು ದಿನ ಇದ್ದ ಹದಿನೇಳು ತಿಂಗಳ ಗಂಡುಮಗುವನ್ನು ನೋಡಿಕೊಳ್ಳುವವರು ಮತ್ತೆ ಮತ್ತೆ ಬದಲಾಗುತ್ತಿದ್ದರು. ಆ ಮಗು ತೀರಾ ಬಳಲಿತು.

ಇದರಿಂದ ನಮಗೆ ತಿಳಿಯುವುದಿಷ್ಟೇ: ಮಗುವಿಗೆ ಬೇಕಾದದ್ದು ಪರಿಚಿತವಾದ ಒಂದೇ ಕೈ. ವಾರಕ್ಕೊಮ್ಮೆ ಮಗು ಹೋಗಿ ಮಲಗುವ ಅಜ್ಜಿಯ ಮನೆ ಒಳ್ಳೆಯದು. ಹೊಸದಾಗಿ ಬಂದ ಕೆಲಸದಾಕೆಯ ಮೇಲೆ ಬಿಟ್ಟು ಹೋಗುವುದು, ಒಂದು ದಿನ ಚಿಕ್ಕಮ್ಮ, ಮರುದಿನ ನೆರೆಮನೆ ಎಂದು ಹಂಚುವುದು ಒಳ್ಳೆಯದಲ್ಲ. ಹೋಗುವ ಮೊದಲು ಒಂದೆರಡು ರಾತ್ರಿ ಮಗುವನ್ನು ಅಲ್ಲೇ ಮಲಗಿಸಿ ನೋಡಿ.

ಹೇಳದೆ ಜಾರಿಕೊಳ್ಳಬೇಡಿ

"ಅಳುತ್ತೆ, ಮಲಗಿದಾಗ ಹೋಗಿಬಿಡೋಣ" ಎನ್ನುವವರು ಬಹಳ. ಇದು ಎಲ್ಲಕ್ಕಿಂತ ಕೆಟ್ಟ ಉಪಾಯ. ಎದ್ದಾಗ ಅಮ್ಮ ಇಲ್ಲದಿದ್ದರೆ ಮಗು ಮುಂದೆ ನಿದ್ರೆ ಮಾಡಲೂ ಹೆದರುತ್ತದೆ. ಸೆರಗು ಬಿಡದೆ ಅಂಟಿಕೊಳ್ಳುತ್ತದೆ. ಸರಳವಾಗಿ ಹೇಳಿ: "ಅಪ್ಪ ಅಮ್ಮ ಹೋಗಿ, ನೀನು ಎರಡು ರಾತ್ರಿ ಮಲಗಿ ಎದ್ದ ಮೇಲೆ ಬರ್ತೇವೆ." ಅತ್ತರೆ ಅಳಲಿ. ಆ ಅಳು ಸಾಮಾನ್ಯವಾಗಿ ಬೇಗ ನಿಲ್ಲುತ್ತದೆ. ಮಗು ದಿನವೂ ಹೊದೆಯುವ ಶಾಲು, ಗೊಂಬೆ ಜೊತೆಗಿರಲಿ. ದೊಡ್ಡ ಮಕ್ಕಳಿಗೆ ಎಲ್ಲಿಗೆ ಹೋಗುತ್ತೇವೆಂದು ಸುಳ್ಳು ಹೇಳಬೇಡಿ. "ಆಸ್ಪತ್ರೆಗೆ ಹೋಗಿದ್ದೆವು" ಎಂದು ಹೇಳಿ, ಆಮೇಲೆ ಮೊಬೈಲಿನಲ್ಲಿ ನೀರಾಟದ ಫೋಟೋ ಮಗುವಿನ ಕಣ್ಣಿಗೆ ಬಿದ್ದರೆ ನಿಮ್ಮ ಮಾತಿಗೆ ಬೆಲೆ ಉಳಿಯುವುದಿಲ್ಲ.

ಅಜ್ಜಿಯ ಮನೆಯನ್ನು ಒಮ್ಮೆ ಸುತ್ತಿ ನೋಡಿ

ವಯಸ್ಸಾದವರ ಮನೆಯಲ್ಲಿ ಮಾತ್ರೆಗಳು ಕೈಗೆ ಸಿಗುವಂತೆಯೇ ಇರುತ್ತವೆ. ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಇಂಥ ಮಾತ್ರೆ ಒಂದೇ ಒಂದು ಸಾಕು, ಸಣ್ಣ ಮಗುವಿನ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಇಳಿಯುತ್ತದೆ. ಇದು ಎಷ್ಟೋ ಗಂಟೆ ತಡವಾಗಿಯೂ ಆಗಬಹುದು. ರಕ್ತದೊತ್ತಡ ಮತ್ತು ಹೃದಯದ ಮಾತ್ರೆಗಳೂ ಹಾಗೆಯೇ ಅಪಾಯ. ಎಲ್ಲವನ್ನೂ ಕಪಾಟಿನಲ್ಲಿಟ್ಟು ಬೀಗ ಹಾಕಿಸಿ.

ಮಗು ಮಾತ್ರೆ ನುಂಗಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಸಕ್ಕರೆ ಕಾಯಿಲೆಯ ಮಾತ್ರೆಯಾಗಿದ್ದು, ಮಗು ಎಚ್ಚರವಾಗಿ ನುಂಗುವಂತಿದ್ದರೆ ಸಕ್ಕರೆ ನೀರು ಕುಡಿಸುತ್ತಾ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಪ್ರಜ್ಞೆ ಮಂದವಾಗಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ. ಮಗು ಚೆನ್ನಾಗಿದೆಯೆಂದು ಕಂಡರೂ ಆಸ್ಪತ್ರೆ ತಪ್ಪಿಸಬೇಡಿ. ಮಾತ್ರೆಯ ಹಾಳೆಯನ್ನು ಜೊತೆಗೆ ತನ್ನಿ.

ಸೀಮೆಎಣ್ಣೆ, ತೋಟಕ್ಕೆ ಹೊಡೆಯುವ ಔಷಧಿಗಳನ್ನು ನೀರಿನ ಅಥವಾ ಶರಬತ್ತಿನ ಬಾಟಲಿಯಲ್ಲಿ ಇಡಲೇಬಾರದು. ಬಾವಿಗೆ ಮುಚ್ಚಳ, ತೋಟದ ಕೆರೆಯ ದಾರಿಗೆ ಗೇಟು ಇದೆಯೇ ನೋಡಿ. ನಮ್ಮ ಜಿಲ್ಲೆಯ ಬಹಳ ಮನೆಗಳಲ್ಲಿ ಕೋವಿ ಇರುತ್ತದೆ. ಅದು ಖಾಲಿಯಾಗಿರಲಿ, ಬೀಗದೊಳಗಿರಲಿ. ತೋಟಾಗಳನ್ನು ಬೇರೆ ಕಡೆ ಇಡಿ.

ಗೋಡೆಗೊಂದು ಚೀಟಿ

ಅಜ್ಜಿಗೆ ಕಾಣುವಂತೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ: ಮಗುವಿನ ತೂಕ, ಆಗದ ಔಷಧಿ, ಈಗ ನಡೆಯುತ್ತಿರುವ ಔಷಧಿ, ನಿಮ್ಮ ವೈದ್ಯರ ಫೋನ್, ವಾಹನವಿರುವ ನೆರೆಯವರ ಫೋನ್, ಆಂಬುಲೆನ್ಸಿಗೆ 108.

ಜ್ವರಕ್ಕೆ ಪ್ಯಾರಾಸಿಟಮಾಲ್ ಸಿರಪ್ ಇಡುವುದಾದರೆ ಪ್ರಮಾಣವನ್ನು ವೈದ್ಯರಿಂದ ಬರೆಸಿ. ಐದು ಮಿಲಿಯಲ್ಲಿ 125 ಮಿಲಿಗ್ರಾಂ ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಬಾಟಲಿ ಬದಲಾದರೆ ಡೋಸು ದುಪ್ಪಟ್ಟಾದೀತು. ಮಗುವಿನ ಪ್ರತಿ ಕಿಲೋ ತೂಕಕ್ಕೆ ಒಮ್ಮೆಗೆ 10ರಿಂದ 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ ಎಂಬುದು ಲೆಕ್ಕ. ವಾಂತಿಭೇದಿಗೆ ಓ.ಆರ್.ಎಸ್. ಪೊಟ್ಟಣ ಇರಲಿ. ಎಷ್ಟು ನೀರಿಗೆ ಕರಗಿಸಬೇಕೆಂದು ಪೊಟ್ಟಣದ ಮೇಲೆ ಬರೆದಿರುತ್ತದೆ, ಅಷ್ಟೇ ನೀರು ಹಾಕಬೇಕು.

ಆಟದ ಹೊತ್ತಿನಲ್ಲಿ ಮೊಬೈಲ್ ಲಾಕರಿನಲ್ಲಿರುವುದು ಅನಿವಾರ್ಯ. ಆದ್ದರಿಂದ ಮಧ್ಯಾಹ್ನ ಒಂದಕ್ಕೆ, ಸಂಜೆ ಐದಕ್ಕೆ ನಾವೇ ಫೋನ್ ಮಾಡುತ್ತೇವೆ ಎಂದು ಸಮಯ ಹೇಳಿ ಹೋಗಿ. ನಮಗಾಗಿ ಕಾಯದೆ ಚಿಕಿತ್ಸೆ ಕೊಡಿಸಿ ಎಂದೂ ಹೇಳಿರಿ. "ಮಗ ಸೊಸೆ ಬರಲಿ" ಎಂದು ಕಾದು ಕೆಟ್ಟವರನ್ನು ನಾನು ಕಂಡಿದ್ದೇನೆ.

ಇನ್ನು ನಿಮ್ಮ ದೇಹ

ಮನಸ್ಸಿಗೆ ಇಪ್ಪತ್ತು ವರ್ಷ, ಸೊಂಟಕ್ಕೆ ನಲವತ್ತು! ಜರ್ಮನಿಯ ವೈದ್ಯರು ಆರೋಗ್ಯವಂತರನ್ನೇ ರೋಲರ್ ಕೋಸ್ಟರ್ ಹತ್ತಿಸಿ ನೋಡಿದಾಗ, ನಿಮಿಷಕ್ಕೆ 90ರ ಆಸುಪಾಸಿನಲ್ಲಿದ್ದ ಹೃದಯ ಬಡಿತ 150 ದಾಟಿತ್ತು. ಗಟ್ಟಿ ಹೃದಯಕ್ಕೆ ಇದು ತೊಂದರೆಯಲ್ಲ. ಹೃದಯದ ಕಾಯಿಲೆ ಇದ್ದವರು, ಹತೋಟಿಗೆ ಬಾರದ ರಕ್ತದೊತ್ತಡದವರು, ಕುತ್ತಿಗೆ ಅಥವಾ ಬೆನ್ನಿನ ಡಿಸ್ಕ್ ತೊಂದರೆಯವರು, ಮೂರ್ಛೆರೋಗದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ಇಂಥ ಆಟಗಳನ್ನು ಬಿಡಬೇಕು. ಗರ್ಭಿಣಿಯರು ಹತ್ತಲೇಬಾರದು. ಮುಟ್ಟು ತಡವಾಗಿದ್ದರೆ ಮೊದಲು ಪರೀಕ್ಷೆ ಮಾಡಿಸಿ. ಆಟದ ಬಾಗಿಲಲ್ಲಿರುವ ಎಚ್ಚರಿಕೆಯ ಫಲಕವನ್ನು ಓದದೆ ಸಾಲಿನಲ್ಲಿ ನಿಲ್ಲಬೇಡಿ.

ಕಿವಿ ಸೋರುವವರು ನೀರಿನ ಜಾರುಬಂಡಿಯಿಂದ ದೂರವಿರಿ. ಪಾದ ಜೋಮು ಹಿಡಿದಿರುವ ಸಕ್ಕರೆ ಕಾಯಿಲೆಯವರು ಕಾದ ಸಿಮೆಂಟಿನ ಮೇಲೆ ಬರಿಗಾಲಲ್ಲಿ ನಡೆಯಬೇಡಿ. ಸುಟ್ಟದ್ದೇ ಗೊತ್ತಾಗುವುದಿಲ್ಲ. ನಮ್ಮ ತಂಪಿಗೆ ಒಗ್ಗಿದವರು ಏಪ್ರಿಲ್ ಬಿಸಿಲಿನಲ್ಲಿ ಬಾಯಾರುವ ಮೊದಲೇ ನೀರು ಕುಡಿಯಬೇಕು. ದಿನದ ಮಾತ್ರೆಗಳನ್ನು ಮರೆಯಬೇಡಿ. ಆಟದ ನಂತರ ಬಿಡದ ತಲೆನೋವು, ವಾಂತಿ, ಕೈಕಾಲು ಸೋಲು, ಎದೆನೋವು ಕಂಡರೆ ಊರಿಗೆ ಬಂದು ತೋರಿಸೋಣ ಎನ್ನದೆ ಅಲ್ಲೇ ಆಸ್ಪತ್ರೆಗೆ ಹೋಗಿ.

ಹೋಗಿ ಬರುವ ದಾರಿಯೂ ಪ್ರವಾಸದ ಭಾಗವೇ. ನಾಪೋಕ್ಲಿನಿಂದ ಬಿಡದಿಗೆ ಐದಾರು ಗಂಟೆ, ಮೊದಲ ಭಾಗವೆಲ್ಲ ತಿರುವು. ವಾಂತಿ ತಡೆಯುವ ಮಾತ್ರೆ ನಿದ್ದೆ ಬರಿಸುತ್ತದೆ. ನುಂಗಿದವರು ವಾಹನ ಓಡಿಸಬಾರದು. ದಿನವಿಡೀ ಆಡಿ ದಣಿದು ಅದೇ ರಾತ್ರಿ ಹೊರಡುವ ಆತುರ ಬೇಡ. ಒಂದು ರಾತ್ರಿ ತಂಗಿ, ಬೆಳಿಗ್ಗೆ ಹೊರಡಿ.

ಮರಳಿ ಬಂದಾಗ ಮಗು ಓಡಿ ಬರುವ ಬದಲು ಮುಖ ತಿರುಗಿಸಬಹುದು, ಅಜ್ಜಿಯ ಹಿಂದೆ ಅವಿತುಕೊಳ್ಳಬಹುದು. ಬೇಸರಿಸಬೇಡಿ, ಗದರಿಸಬೇಡಿ. ಅದು ಸಿಟ್ಟು, ಮರೆವಲ್ಲ. ಪಕ್ಕದಲ್ಲಿ ಸುಮ್ಮನೆ ಕುಳಿತಿರಿ, ತಾನೇ ಮಡಿಲಿಗೆ ಬರುತ್ತದೆ. ಎರಡು ದಿನ ಕಣ್ಣು ಮುಚ್ಚದೆ ಮಗುವನ್ನು ಕಾದ ಅಜ್ಜಿಯನ್ನೂ ಒಂದು ಮಾತು ಕೇಳಿ: "ನಿಮ್ಮ ಬಿಪಿ ಮಾತ್ರೆ ತಗೊಂಡಿರಾ?"